"ಕಡ್ಡಾಯ" ಅಂತ ಹೆದರಿಸಿ ಮಾರುವ ಹೆಲ್ತ್ ಪ್ಲಾನ್: ಅಮೆರಿಕದಲ್ಲಿ ಕೆಲಸ ಹೋದವರು ದಯವಿಟ್ಟು ಓದಿ

ಡಲ್ಲಾಸ್ ಹತ್ತಿರದ ಒಂದು ಕನ್ನಡ ಕುಟುಂಬಕ್ಕೆ ಆದದ್ದು ಇದು. ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಅವರಿಗೆ ನಾಚಿಕೆ, ಹೆಸರು ಹಾಕಬೇಡಿ ಅಂದಿದ್ದಾರೆ. ನಾಚಿಕೆ ಪಡಬೇಕಾದವರು ಅವರಲ್ಲ. ಕಾಗದಪತ್ರ ಎಲ್ಲ ನೋಡಿ, ಅವರ ಒಪ್ಪಿಗೆಯಿಂದಲೇ ಇದನ್ನು ಹಾಕುತ್ತಿರುವುದು.

ಜನವರಿಯಲ್ಲಿ ಗಂಡನ ಕೆಲಸ ಹೋಯಿತು. ಎಚ್-1ಬಿ ವೀಸಾ. ಕಂಪನಿಯ ಇನ್ಶೂರೆನ್ಸ್ 31ನೇ ತಾರೀಕಿಗೆ ಮುಗಿಯಿತು. ಕೋಬ್ರಾ ಪತ್ರ ಬಂತು, ಅಂದರೆ ಕೆಲಸ ಹೋದ ಮೇಲೂ ಪೂರ್ತಿ ಕಂತು ತಾವೇ ಕಟ್ಟಿ ಕಂಪನಿಯ ಇನ್ಶೂರೆನ್ಸ್ ಮುಂದುವರಿಸಿಕೊಳ್ಳಲು ಇರುವ ಅವಕಾಶ. ಕಂಪನಿ ಕಟ್ಟುತ್ತಿದ್ದ ಪಾಲೂ ಈಗ ನಮ್ಮ ತಲೆಗೇ, ಅದರ ಮೇಲೆ ಶೇ. 2 ಖರ್ಚು ಬೇರೆ. ಸಂಬಳ ನಿಂತ ಮನೆಯಲ್ಲಿ ಆ ಮೊತ್ತ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಡಿಮೆಗೆ ಏನಾದರೂ ಸಿಗುತ್ತಾ ಅಂತ ಗೂಗಲ್‌ನಲ್ಲಿ "ಒಬಾಮಾಕೇರ್ ಕೋಟ್" (ಸರ್ಕಾರಿ ಕಾನೂನಿನಡಿ ಸಿಗುವ ಹೆಲ್ತ್ ಇನ್ಶೂರೆನ್ಸಿನ ದರ) ಹುಡುಕಿ, ಮೇಲೆ ಬಂದ ಜಾಹೀರಾತಿನ ಫಾರಂನಲ್ಲಿ ಫೋನ್ ನಂಬರ್ ತುಂಬಿದರು. ಇಂಥ ಎಷ್ಟೋ ಫಾರಂಗಳು ಇನ್ಶೂರೆನ್ಸ್ ಮಾರುವುದೇ ಇಲ್ಲ, ನಿಮ್ಮ ನಂಬರ್ ಮಾರುತ್ತವೆ. ಸಬ್ಮಿಟ್ ಒತ್ತಿದ ಕೂಡಲೇ ಒಂದಾದ ಮೇಲೊಂದು ಕರೆ.

ಅದರಲ್ಲಿ ಒಬ್ಬ ಹೇಳಿದ ಮಾತು: "ಫೆಡರಲ್ ಕಾನೂನಿನ ಪ್ರಕಾರ ಇನ್ಶೂರೆನ್ಸ್ ಕಡ್ಡಾಯ. ಇವತ್ತೇ ಮಾಡಿಸದಿದ್ದರೆ ಟ್ಯಾಕ್ಸ್ ಫೈಲ್ ಮಾಡುವಾಗ ದಂಡ ಬೀಳುತ್ತೆ. ವೀಸಾಗೂ ತೊಂದರೆ ಆಗಬಹುದು."

ಇದು ಶುದ್ಧ ಸುಳ್ಳು. ಒಬಾಮಾಕೇರ್ ಕಾನೂನು ಆಗಿದ್ದು 2010ರಲ್ಲಿ, ಕಡ್ಡಾಯ ಜಾರಿಗೆ ಬಂದಿದ್ದು 2014ರಲ್ಲಿ. ಒಂದು ಕಾಲದಲ್ಲಿ ದಂಡ ಇದ್ದದ್ದು ನಿಜ, 2016ರಲ್ಲಿ ದೊಡ್ಡವರಿಗೆ ತಲೆಗೆ 695 ಡಾಲರ್ ಅಥವಾ ಆದಾಯದ ಶೇ. 2.5, ಯಾವುದು ಹೆಚ್ಚೋ ಅದು. 2017ರ ಡಿಸೆಂಬರ್‌ನಲ್ಲಿ ಟ್ರಂಪ್ ಸಹಿ ಹಾಕಿದ ಟ್ಯಾಕ್ಸ್ ಕಾನೂನು ಆ ದಂಡವನ್ನು ಸೊನ್ನೆ ಮಾಡಿತು. 2019ರಿಂದ ಫೆಡರಲ್ ದಂಡವೇ ಇಲ್ಲ. ಈಗ ದಂಡ ಹಾಕುವುದು ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ರೋಡ್ ಐಲೆಂಡ್ ಮತ್ತು ವಾಷಿಂಗ್ಟನ್ ಡಿ.ಸಿ. ಮಾತ್ರ. ಟೆಕ್ಸಾಸ್‌ನಲ್ಲಿ ಕೂತವರಿಗೆ ಯಾವ ದಂಡ? ಯಾವ ಕಾನೂನು? ಸತ್ತುಹೋದ ದಂಡವನ್ನು ತೋರಿಸಿ ಹೆದರಿಸಿ ಮಾರಿದ್ದಾನೆ. ಇನ್ನೂ ಸಿಟ್ಟು ಬರುವ ಸಂಗತಿ ಏನೆಂದರೆ, ಅವನು ಮಾರಿದ ಪ್ಲಾನ್ ಆ ಐದು ಕಡೆ ಕಡ್ಡಾಯದ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ಕೊಂಡು ಕ್ಯಾಲಿಫೋರ್ನಿಯಾದಲ್ಲಿದ್ದರೆ ಕಂತೂ ಕಟ್ಟಬೇಕು, ದಂಡವೂ ಕಟ್ಟಬೇಕು.

ಅವನು ಕೇಳಿದ ಇನ್ನೊಂದು ಪ್ರಶ್ನೆ ಗಮನಿಸಿ: "ಬಿಪಿ, ಶುಗರ್ ಇದೆಯಾ? ಹಿಂದೆ ಆಪರೇಷನ್ ಆಗಿದೆಯಾ?" ಅಲ್ಲೇ ಫೋನ್ ಇಡಬೇಕು. ಅಸಲಿ ಮಾರ್ಕೆಟ್‌ಪ್ಲೇಸ್ (ಒಬಾಮಾಕೇರ್ ಪ್ಲಾನ್ ಸಿಗುವ ಸರ್ಕಾರಿ ತಾಣ) ಪ್ಲಾನ್‌ಗೆ ವಯಸ್ಸು, ಜಿಪ್ ಕೋಡ್, ತಂಬಾಕು, ಮನೆಯವರ ಸಂಖ್ಯೆ, ಆದಾಯ ಇವು ಬೇಕು. ಕಾಯಿಲೆ ನೋಡಿ ಇಲ್ಲ ಅನ್ನುವಂತಿಲ್ಲ, ದರ ಏರಿಸುವಂತಿಲ್ಲ. ಕಾಯಿಲೆ ಕೇಳಿದ ಅಂದರೆ ಅದು ಬೇರೆ ಸರಕು.

"ಪಿಪಿಒ, ಯಾವ ಡಾಕ್ಟರ್ ಹತ್ತಿರವಾದರೂ ಹೋಗಿ, ಡಿಡಕ್ಟಿಬಲ್ ಇಲ್ಲವೇ ಇಲ್ಲ" ಅಂದ. ಡಿಡಕ್ಟಿಬಲ್ ಅಂದರೆ ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ. ಆಮೇಲೆ ವೆರಿಫಿಕೇಷನ್, ಅಂದರೆ ನಿಮ್ಮ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳುವುದು. ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದ: "ಇದು ಬರೀ ಫಾರ್ಮಾಲಿಟಿ. ಎಲ್ಲದಕ್ಕೂ ಯೆಸ್ ಅನ್ನಿ, ನಡುವೆ ಪ್ರಶ್ನೆ ಕೇಳಿದರೆ ಸಿಸ್ಟಮ್ ಕಟ್ ಆಗುತ್ತೆ, ಈ ರೇಟ್ ಮತ್ತೆ ಸಿಗಲ್ಲ." ಆ ರೆಕಾರ್ಡಿಂಗ್‌ನಲ್ಲಿ ಇನ್ನೊಬ್ಬಳು ಗಡಗಡ ಓದಿದ ಸಾಲುಗಳ ನಡುವೆ "ಇದು ಮೇಜರ್ ಮೆಡಿಕಲ್ ಇನ್ಶೂರೆನ್ಸ್ ಅಲ್ಲ ಅಂತ ನಿಮಗೆ ಅರ್ಥವಾಗಿದೆಯೇ" ಅನ್ನುವುದೂ ಇತ್ತು, ಅಂದರೆ ದೊಡ್ಡ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಪೂರ್ತಿ ಇನ್ಶೂರೆನ್ಸ್ ಇದಲ್ಲ. ಯೆಸ್ ಅಂದರು. ಫೋನ್‌ನಲ್ಲಿ ಇರುವಾಗಲೇ ಲಿಂಕ್ ಕಳಿಸಿ ಸಹಿಯನ್ನೂ ಹಾಕಿಸಿಕೊಂಡರು.

ಕಾರ್ಡ್ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಮೇಲೆ ಮೆಂಬರ್ ನಂಬರ್, ಮೂಲೆಯಲ್ಲಿ ದೊಡ್ಡ ನೆಟ್‌ವರ್ಕ್ (ಒಪ್ಪಂದದ ಡಾಕ್ಟರ್, ಆಸ್ಪತ್ರೆಗಳ ಗುಂಪು) ಒಂದರ ಲೋಗೊ. ಆ ಲೋಗೊ ಬರೀ ಡಿಸ್ಕೌಂಟಿಗೆ. "ಲಿಮಿಟೆಡ್ ಬೆನಿಫಿಟ್" ಅನ್ನುವುದು ಹಿಂಭಾಗದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಮಾರ್ಚ್ ಮಧ್ಯದಲ್ಲಿ ಹೆಂಡತಿಗೆ ಹೊಟ್ಟೆನೋವು, ಎಮರ್ಜೆನ್ಸಿ, ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್, ಎರಡು ರಾತ್ರಿ ಆಸ್ಪತ್ರೆ. ಕೌಂಟರಿನಲ್ಲಿ ಕಾರ್ಡ್ ತೆಗೆದುಕೊಂಡರು. ನಂತರ ಪಾಲಿಸಿ ತೆರೆದು ಬೆನಿಫಿಟ್ ಪುಟ ನೋಡಿದರೆ ಇರುವುದು ಇಷ್ಟು: ಆಸ್ಪತ್ರೆ ವಾಸಕ್ಕೆ ದಿನಕ್ಕೆ 500 ಡಾಲರ್, ಎಮರ್ಜೆನ್ಸಿ ರೂಮಿಗೆ 100. ಬಿಲ್ ಎಷ್ಟೇ ಆಗಲಿ, ಅವರು ಕೊಡುವುದು ಅಷ್ಟೇ. ಇದಕ್ಕೆ ಫಿಕ್ಸ್ಡ್ ಇಂಡೆಮ್ನಿಟಿ ಅನ್ನುತ್ತಾರೆ. ಅಸಲಿ ಪ್ಲಾನ್‌ನಲ್ಲಿ ನೆಟ್‌ವರ್ಕ್ ಒಳಗಿನ ಚಿಕಿತ್ಸೆಗೆ ನಿಮ್ಮ ಜೇಬಿನಿಂದ ಹೋಗುವುದಕ್ಕೆ ವರ್ಷದ ಮಿತಿ ಇರುತ್ತದೆ, 2026ಕ್ಕೆ ಒಬ್ಬರಿಗೆ ಗರಿಷ್ಠ 10,600 ಡಾಲರ್, ಕುಟುಂಬಕ್ಕೆ 21,200. ಇದರಲ್ಲಿ ಮಿತಿ ಇರುವುದು ಅವರು ಕೊಡುವ ದುಡ್ಡಿಗೆ!

ಫೋನ್ ಮಾಡಿದರೆ ಬಂದ ಉತ್ತರ: "ಕ್ಲೇಮ್ ಪ್ರೊಸೆಸ್ ಆಗ್ತಿದೆ, ಕಾಯಿರಿ." ಮತ್ತೆ ಮಾಡಿದರೆ: "ಆಸ್ಪತ್ರೆಯಿಂದ ರೆಕಾರ್ಡ್ಸ್ ಬರಬೇಕು." ಏಪ್ರಿಲ್ ಎರಡನೇ ವಾರದಲ್ಲಿ: "ಪ್ಲಾನ್ ಪ್ರಕಾರ ಕೊಡಬೇಕಾದ್ದು ಕೊಟ್ಟಿದ್ದೇವೆ." ಮೋಸ ಅಂದಿದ್ದಕ್ಕೆ: "ರೆಕಾರ್ಡಿಂಗ್‌ನಲ್ಲಿ ನೀವೇ ಯೆಸ್ ಅಂದಿದ್ದೀರಿ, ಮೇಡಂ."

ಈ "ಕಾಯಿರಿ" ಅನ್ನುವುದೇ ನಿಜವಾದ ಏಟು. ಕೋಬ್ರಾ ಆರಿಸಿಕೊಳ್ಳಲು 60 ದಿನ ಇರುತ್ತದೆ. ಇನ್ಶೂರೆನ್ಸ್ ಮುಗಿದ ದಿನ, ಕೋಬ್ರಾ ನೋಟಿಸ್ ಕೊಟ್ಟ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಲೆಕ್ಕ. 59ನೇ ದಿನ ಆರಿಸಿದರೂ ಕವರೇಜ್ ಹಳೆಯ ಇನ್ಶೂರೆನ್ಸ್ ಮುಗಿದಲ್ಲಿಂದಲೇ ಅನ್ವಯ. ಮೊದಲ ಕಂತಿಗೆ ಮತ್ತೆ 45 ದಿನ. ಅಂದರೆ ಆಪರೇಷನ್ ಆದ ಮೇಲೂ ಕೋಬ್ರಾ ಫಾರಂ ಕಳಿಸಿ, ಫೆಬ್ರವರಿಯಿಂದ ಬಾಕಿ ಕಂತು ಕಟ್ಟಿದ್ದರೆ ಹಳೆಯ ಒಳ್ಳೆಯ ಇನ್ಶೂರೆನ್ಸೇ ಆ ಬಿಲ್ ನೋಡಿಕೊಳ್ಳುತ್ತಿತ್ತು. ಕ್ಲೇಮ್ ಬರುತ್ತದೆ ಅಂತ ನಂಬಿ ಕೂತರು, ಗಡುವು ದಾಟಿತು. ಕಂಪನಿಯ ಇನ್ಶೂರೆನ್ಸ್ ಹೋದವರಿಗೆ ಮಾರ್ಕೆಟ್‌ಪ್ಲೇಸ್ ಕೊಡುವ ವಿಶೇಷ ನೋಂದಣಿಯ 60 ದಿನವೂ ಅದರ ಜೊತೆಗೇ ಹೋಯಿತು. ಇಂಥ ಪ್ಲಾನ್ ರದ್ದು ಮಾಡಿದರೆ ಹೊಸ 60 ದಿನ ಸಿಗುವುದಿಲ್ಲ, ಇದೊಂದನ್ನು ಮನಸ್ಸಿನಲ್ಲಿಡಿ.

ಇಂಥ ವ್ಯಾಪಾರ ಹೊಸದಲ್ಲ. ಫ್ಲೋರಿಡಾದ ಸಿಂಪಲ್ ಹೆಲ್ತ್ ಪ್ಲಾನ್ಸ್ ಅನ್ನುವ ಸಂಸ್ಥೆಯನ್ನು ಎಫ್‌ಟಿಸಿ (ಗ್ರಾಹಕರಿಗೆ ಆಗುವ ಮೋಸ ತಡೆಯುವ ಫೆಡರಲ್ ಸಂಸ್ಥೆ) 2018ರಲ್ಲಿ ಕೋರ್ಟ್ ಮೂಲಕ ನಿಲ್ಲಿಸಿತು, 2024ರಲ್ಲಿ 19.5 ಕೋಟಿ ಡಾಲರ್ ತೀರ್ಪು ಬಂತು. ಆದರೂ ಕರೆಗಳು ನಿಂತಿಲ್ಲ. 2026ರಲ್ಲಿ ಬಲೆಗೆ ಬೀಳುವವರು ಹೆಚ್ಚು, ಕಾರಣ ರಾಜಕೀಯ. ಮಾರ್ಕೆಟ್‌ಪ್ಲೇಸ್ ಕಂತಿಗೆ 2021ರಲ್ಲಿ ಕೊಟ್ಟ ಹೆಚ್ಚುವರಿ ಸಬ್ಸಿಡಿ 2025ರ ಕೊನೆಗೆ ಮುಗಿಯಿತು. ಅದನ್ನು ಮುಂದುವರಿಸುವ ಜಗಳಕ್ಕೆ 2025ರಲ್ಲಿ ಫೆಡರಲ್ ಸರ್ಕಾರ 43 ದಿನ ಬಾಗಿಲು ಹಾಕಿತ್ತು, ಸಬ್ಸಿಡಿ ಮಾತ್ರ ವಾಪಸ್ ಬರಲಿಲ್ಲ. 2026ರ ಪ್ಲಾನ್‌ಗೆ ನಾಲ್ಕು ಜನರ ಮನೆಯ ಆದಾಯ 128,600 ಡಾಲರ್ ದಾಟಿದರೆ ಒಂದು ಡಾಲರ್ ಸಬ್ಸಿಡಿ ಇಲ್ಲ. ಇನ್ನೂ ಕೆಟ್ಟದ್ದು: ಬೇಸಿಗೆಯಲ್ಲಿ ಸಬ್ಸಿಡಿ ತೆಗೆದುಕೊಂಡು, ಅಕ್ಟೋಬರ್‌ನಲ್ಲಿ ಹೊಸ ಕೆಲಸ ಸಿಕ್ಕಿ ವರ್ಷದ ಆದಾಯ ಆ ಗೆರೆ ದಾಟಿದರೆ, 2026ರಿಂದ ಎಲ್ಲವನ್ನೂ ಟ್ಯಾಕ್ಸ್ ಜೊತೆ ಹಿಂದಿರುಗಿಸಬೇಕು. ಹಿಂದಿರುಗಿಸುವ ಮೊತ್ತಕ್ಕೆ ಮೊದಲು ಕಡಿಮೆ ಆದಾಯದವರಿಗೆ ಇದ್ದ ಮಿತಿಯೂ ಹೋಯಿತು. 2027ರಿಂದ ಎಚ್-1ಬಿಯವರಿಗೆ ಸಬ್ಸಿಡಿಯೇ ಇಲ್ಲ, ಗ್ರೀನ್ ಕಾರ್ಡ್ ಬೇಕು. ಟ್ಯಾಕ್ಸ್ ಕಟ್ಟುವಾಗ ನಾವು ಬೇಕು, ಇದಕ್ಕೆ ಬೇಡ.

ಯಾರೇ ಪ್ಲಾನ್ ಮಾರಲು ಬಂದರೂ ಸಮ್ಮರಿ ಆಫ್ ಬೆನಿಫಿಟ್ಸ್ ಅಂಡ್ ಕವರೇಜ್ (ಪ್ಲಾನ್ ಏನೇನು ಕೊಡುತ್ತದೆ ಅನ್ನುವ ಸಾರಾಂಶ) ಕಳಿಸು ಅನ್ನಿ, ದುಡ್ಡು ಕೊಡುವ ಮೊದಲು. ಅದರ ಕೊನೆಯ ಪುಟಗಳಲ್ಲಿ "ಈ ಪ್ಲಾನ್ ಮಿನಿಮಮ್ ಎಸೆನ್ಷಿಯಲ್ ಕವರೇಜ್ ಕೊಡುತ್ತದೆಯೇ" ಅನ್ನುವ ಪ್ರಶ್ನೆ ಇರುತ್ತದೆ, ಅಂದರೆ ಕಾನೂನಿನ ಲೆಕ್ಕಕ್ಕೆ ಬರುವ ಇನ್ಶೂರೆನ್ಸೇ ಅಂತ. ಮುಂದೆ ಯೆಸ್ ಅಂತ ಇರಬೇಕು. ಕಾಗದ ಕೊಡದವನ ಹತ್ತಿರ ಮಾತೇ ಬೇಡ. ಹೆಲ್ತ್‌ಕೇರ್ ಡಾಟ್ ಗವ್ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಜಾಹೀರಾತು ಒತ್ತಬೇಡಿ.

ಈಗಾಗಲೇ ಇಂಥ ಕಾರ್ಡ್ ಕೈಯಲ್ಲಿದ್ದರೆ ಇವತ್ತೇ ಕೋಬ್ರಾ ಪತ್ರದ ತಾರೀಕು ನೋಡಿ. 60 ದಿನ ಆಗಿಲ್ಲವಾದರೆ ಇನ್ನೂ ದಾರಿ ಇದೆ. ಫ್ರೀ ಲುಕ್ ಅವಧಿ (ಕೊಂಡ ಪ್ಲಾನ್ ಬೇಡ ಅಂತ ಹಿಂತಿರುಗಿಸಲು ಬಿಡುವ ದಿನಗಳು) ಇದ್ದರೆ ಬರವಣಿಗೆಯಲ್ಲಿ ರದ್ದು ಮಾಡಿ, ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ ದೂರು ಕೊಡಿ. ಬಿಲ್ ಬಂದಾಗಿದ್ದರೆ ಕ್ರೆಡಿಟ್ ಕಾರ್ಡ್‌ಗೆ ಹಾಕಬೇಡಿ. ಐಟಮೈಸ್ಡ್ ಬಿಲ್, ಅಂದರೆ ಒಂದೊಂದು ಖರ್ಚನ್ನೂ ಬಿಡಿಸಿ ಬರೆದ ಬಿಲ್ ಕೇಳಿ. ಲಾಭಕ್ಕಲ್ಲದ ಆಸ್ಪತ್ರೆಯಾದರೆ ಫೈನಾನ್ಷಿಯಲ್ ಅಸಿಸ್ಟೆನ್ಸ್ ಅರ್ಜಿ ಹಾಕಿ, ಡಿಸ್ಚಾರ್ಜ್ ಆದ ಮೇಲಿನ ಮೊದಲ ಬಿಲ್‌ನಿಂದ 240 ದಿನ ಅವರು ಅರ್ಜಿ ತೆಗೆದುಕೊಳ್ಳಲೇಬೇಕು. ಆ ಕುಟುಂಬ ಈಗ ಮಾಡುತ್ತಿರುವುದು ಅದನ್ನೇ.