ಡಿಟಿಪಿ ಅಂಗಡಿಯ ಟೇಬಲ್ ಮೇಲೆ ಮೂರು ಕಂಪ್ಯೂಟರ್ ಪುಸ್ತಕ

ಗದಗಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು, ರಸೀದಿ ಪುಸ್ತಕ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುತ್ತೇನೆ. ಓದಿದ್ದು ಬಿ.ಎ. ದಿನವಿಡೀ ಮುಂದೆ ಕೂರುವ ಈ ಯಂತ್ರದ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲೇಬೇಕು ಅನಿಸಿ, ಒಂದು ವರ್ಷದಿಂದ ಮೂರು ಇಂಗ್ಲಿಷ್ ಪುಸ್ತಕ ಓದುತ್ತಿದ್ದೇನೆ.

ಮೊದಲು ಓದಬೇಕಾದ್ದು ಚಾರ್ಲ್ಸ್ ಪೆಟ್‌ಜೋಲ್ಡ್ ಬರೆದ ‘ಕೋಡ್’. ಇದು ಮೊದಲು ಬಂದದ್ದು 1999ರಲ್ಲಿ. ನೀವು ಮಾತ್ರ 2022ರ ಎರಡನೇ ಆವೃತ್ತಿಯನ್ನೇ ತರಿಸಿ, ಅದರಲ್ಲಿ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಬಗ್ಗೆಯೂ ಇದೆ. ಪುಸ್ತಕ ಕಂಪ್ಯೂಟರಿನಿಂದ ಶುರುವಾಗೋದಿಲ್ಲ. ಎದುರುಬದುರು ಮನೆಯ ಇಬ್ಬರು ಗೆಳೆಯರು ರಾತ್ರಿ ಕಿಟಕಿಯಲ್ಲಿ ಬ್ಯಾಟರಿ ಬೆಳಕು ಬಿಟ್ಟು ಮಾತಾಡಿಕೊಳ್ಳುತ್ತಾರೆ. ಅಲ್ಲಿಂದ ಮೋರ್ಸ್ ಸಂಕೇತ, ಅಂಧರು ಬೆರಳಿನಿಂದ ಓದುವ ಬ್ರೈಲ್ ಲಿಪಿ, ತಂತಿ, ಕರೆಂಟಿನಿಂದ ಆಡುವ ಸ್ವಿಚ್ಚಾದ ರಿಲೇ, ಕೊನೆಗೆ ಪ್ರೊಸೆಸರ್. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದ ಮುಂದೆ ಎಷ್ಟು ಸಲ ಹಾದು ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ. ಆದರೆ ಬ್ರೈಲಿನ 6 ಚುಕ್ಕೆಗಳು, ಒಂದೊಂದೂ ಉಬ್ಬಿದೆಯೋ ಇಲ್ಲವೋ ಅನ್ನುವುದರಿಂದಲೇ 64 ಗುರುತು ಆಗುತ್ತವೆ ಅಂತ ಈ ಪುಸ್ತಕ ಓದಿದ ಮೇಲೆ ಗೊತ್ತಾಯಿತು. ಕಂಪ್ಯೂಟರಿನ ಬಿಟ್ ಅಂದರೂ ಹೀಗೆ ಇದೆ-ಇಲ್ಲ ಅನ್ನುವ ಒಂದು ಗುರುತು, ಇಷ್ಟೇ ಅಲ್ವಾ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಹಳೆಯ ಗಂಟೂ ಬಿಚ್ಚಿತು. ನಾವು ಮೊದಲು ಬಳಸುತ್ತಿದ್ದ ಕನ್ನಡ ಫಾಂಟಿನ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ‘ನ’ ಇದ್ದಲ್ಲೆಲ್ಲ ಪೌಂಡಿನ ಚಿಹ್ನೆ ಕಾಣುತ್ತಿತ್ತು. ವೈರಸ್ ಅಂದುಕೊಂಡಿದ್ದೆ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿಯೇ ಇಡುತ್ತದೆ; ಆ ಫಾಂಟು ಪೌಂಡಿನ ಸಂಖ್ಯೆ 163ರ ಮೇಲೆ ನಮ್ಮ ‘ನ’ದ ಚಿತ್ರ ಕೂರಿಸಿತ್ತು, ಅಷ್ಟೇ. ಯೂನಿಕೋಡಿನಲ್ಲಿ ‘ನ’ಕ್ಕೆ ಅದರದ್ದೇ ಸಂಖ್ಯೆ ಇದೆ, 3240. ನಡುವಿನ ಸರ್ಕ್ಯೂಟ್ ಅಧ್ಯಾಯಗಳು ಕಷ್ಟ. ಪೆನ್ಸಿಲ್ ಹಿಡಿದು ಚಿತ್ರ ಬರೆದುಕೊಂಡೇ ಓದಬೇಕು.

ಎರಡನೆಯದು ಕರ್ನಿಗನ್ ಮತ್ತು ರಿಚ್ಚಿ ಬರೆದ, ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕ. 1978ರದ್ದು, ಈಗ ಸಿಗೋದು 1988ರ ಆವೃತ್ತಿ. 300 ಪುಟವೂ ಇಲ್ಲ, ಆದರೆ ಒಂದು ಸಾಲೂ ಸುಮ್ನೆ ಬರೆದದ್ದಲ್ಲ. ಮೊದಲ ಅಧ್ಯಾಯದಲ್ಲೇ ಅಕ್ಷರ ಎಣಿಸುವ ಪ್ರೋಗ್ರಾಮ್ ಇದೆ. ಅದಕ್ಕೆ ‘ಕನ್ನಡ’ ಅನ್ನುವ ಪದ ಕೊಟ್ಟೆ. ಕಣ್ಣಿಗೆ ಮೂರೇ ಅಕ್ಷರ, ಉತ್ತರ 15 ಬಂತು! ತಪ್ಪು ಟೈಪ್ ಮಾಡಿದೆನಾ ಅಂತ ಮೂರು ಸಲ ನೋಡಿದೆ. ಮತ್ತೆ ‘ಕೋಡ್’ ತೆಗೆದು ಕೂತೆ. ಒತ್ತಕ್ಷರವನ್ನು ಯೂನಿಕೋಡ್ ಬಿಡಿಸಿ ಇಡುತ್ತದೆ: ಕ, ನ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ನ, ಡ. ಐದಾಯಿತು. ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್ (8 ಬಿಟ್ಟಿನ ತುಂಡು), ಪ್ರೋಗ್ರಾಮ್ ಎಣಿಸಿದ್ದು ಬೈಟುಗಳನ್ನೇ. ಲೆಕ್ಕ ಸರಿ ಹೋದಾಗ ಆದ ಖುಷಿ ಹೇಳತೀರದು. ಹಾಗಂತ ಹೊಸಬರು ಇದರಿಂದಲೇ ಶುರು ಮಾಡಬೇಡಿ. ಪ್ರೋಗ್ರಾಮಿಂಗ್ ಅಷ್ಟಿಷ್ಟು ಗೊತ್ತಿದ್ದವರಿಗೆ ಅಂತಲೇ ಬರೆದ ಪುಸ್ತಕ ಇದು.

ಮೂರನೆಯದು ಡಾನ್ ನಾರ್ಮನ್ ಅವರದ್ದು, ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ. 2013ರ ಪರಿಷ್ಕೃತ ಆವೃತ್ತಿ ಇದೆ. ಎಳೆಯೋ ಹಿಡಿಕೆ ಇಟ್ಟು ‘ತಳ್ಳಿರಿ’ ಅಂತ ಬರೆದ ಬಾಗಿಲಲ್ಲಿ ಎಡವಟ್ಟಾದರೆ ತಪ್ಪು ಜನರದ್ದಲ್ಲ, ಬಾಗಿಲಿನದ್ದು ಅನ್ನುತ್ತಾರೆ. ಉದಾಹರಣೆ ಜಾಸ್ತಿ, ಕೆಲವು ಕಡೆ ಹೇಳಿದ್ದನ್ನೇ ಹೇಳುತ್ತಾರೆ. ಆದರೂ ಅದನ್ನು ಓದಿದ ವಾರವೇ ನನ್ನ ಆರ್ಡರ್ ಫಾರ್ಮ್ ಬದಲಾಯಿಸಿದೆ. ಅದರಲ್ಲಿ ಬರೀ ‘ದಿನಾಂಕ’ ಅಂತ ಇತ್ತು. ಜನ ಆರ್ಡರ್ ಕೊಟ್ಟ ದಿನವನ್ನೇ ಬರೆಯುತ್ತಿದ್ದರು, ನಾನು ಅವರನ್ನೇ ಬೈಯುತ್ತಿದ್ದೆ. ಈಗ ‘ಮದುವೆ ಯಾವತ್ತು?’ ಅಂತಿದೆ. ಆಮೇಲೆ ಒಬ್ಬರೂ ತಪ್ಪಿಲ್ಲ.

ಮೂರರ ಇಂಗ್ಲಿಷೂ ಸರಳ. ನಾನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಓದಿದೆ. ‘ಕೋಡ್’ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಸಿ ಪುಸ್ತಕದಲ್ಲಿ ಈಗ ಐದನೇ ಅಧ್ಯಾಯ, ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವಸ್ತು). ಎರಡು ವಾರದಿಂದ ಅಲ್ಲೇ ಇದ್ದೇನೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ಎರಡು ಪುಟ.