ಎಂಯುಎನ್ ಕಮಿಟಿನಾ, ಅಣಕು ಆರೋಗ್ಯ ಸಭೆನಾ? ಎರಡೂ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ ಓಟು ಎರಡನೇದಕ್ಕೆ. ಶಿವಮೊಗ್ಗದಲ್ಲಿ ಓದ್ತಿರೋ ಜೂನಿಯರ್ಸ್ ಕೇಳ್ತಾನೇ ಇರ್ತಾರೆ, ಎಂಯುಎನ್‌ಗೆ (ಮಾಡೆಲ್ ಯುಎನ್, ಅಂದ್ರೆ ಸ್ಟೂಡೆಂಟ್ಸ್ ಒಂದೊಂದು ದೇಶ ಆಗಿ ನಡ್ಸೋ ಅಣಕು ವಿಶ್ವಸಂಸ್ಥೆ) ಹೋಗಿ ಅಲ್ಲಿ ಡಬ್ಲ್ಯೂಎಚ್‌ಓ (ವಿಶ್ವ ಆರೋಗ್ಯ ಸಂಸ್ಥೆ) ಕಮಿಟಿ ತಗೊಳೋದಾ, ಇಲ್ಲ ಮೆಡಿಕಲ್ ಹುಡುಗ್ರು ನಡ್ಸೋ ಅಣಕು ವಿಶ್ವ ಆರೋಗ್ಯ ಸಭೆ (ಡಬ್ಲ್ಯೂಎಚ್‌ಓದ ಸದಸ್ಯ ದೇಶಗಳೆಲ್ಲ ಸೇರೋ ಸಭೆಯ ನಕಲು) ಕ್ಲಬ್ ಸೇರೋದಾ ಅಂತ. ಎರಡಕ್ಕೂ ದುಡ್ಡು ಕಟ್ಟಿದೀನಿ, ಅದ್ಕೆ ಬರೀತಿದೀನಿ.

ಎಂಯುಎನ್ ಫೀಸು ಸಾವಿರದ ಮೇಲೆ, ಜೊತೆಗೆ ಬ್ಲೇಜರ್ ಕಡ್ಡಾಯ. ಆಷಾಢದ ಮಳೇಲಿ ಸಾಗರದಿಂದ ಬಸ್ಸಲ್ಲಿ ಬ್ಲೇಜರ್‌ನ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಬರೋ ಕರ್ಮ ಯಾರಿಗ್ ಬೇಕು ಮಾರಾಯ್ರೇ. ಊಟ ಮಾತ್ರ ಚೆನ್ನಾಗಿತ್ತು.

ನನ್ ತಲೆ ಕೆಟ್ಟಿದ್ದು ವೀಟೋ ವಿಷ್ಯಕ್ಕೆ, ಅಂದ್ರೆ ಒಂದೇ ದೇಶ ಬೇಡ ಅಂದ್ರೂ ನಿರ್ಣಯ ಬೀಳ್ಸೋ ಹಕ್ಕು. ಟಾಪಿಕ್ಕು ಕೋವಿಡ್ ಲಸಿಕೆ ಪೇಟೆಂಟ್ ಸಡಿಲ ಮಾಡೋದು (ಭಾರತ, ದಕ್ಷಿಣ ಆಫ್ರಿಕಾ 2020ರ ಅಕ್ಟೋಬರಲ್ಲಿ ಆ ಪ್ರಸ್ತಾಪ ಇಟ್ಟಿದ್ದು ಡಬ್ಲ್ಯೂಟಿಓಲಿ, ಅಂದ್ರೆ ವಿಶ್ವ ವ್ಯಾಪಾರ ಸಂಸ್ಥೇಲಿ, ಡಬ್ಲ್ಯೂಎಚ್‌ಓಲಿ ಅಲ್ಲ, ಇರ್ಲಿ ಬಿಡಿ). ದಿನವಿಡೀ ಕೂತು ನಿರ್ಣಯ ಬರ್ದು, ಬಡ ದೇಶಗಳನ್ನೆಲ್ಲ ಒಂದ್ಕಡೆ ಸೇರ್ಸಿ, ಇನ್ನೇನು ವೋಟಿಂಗ್ ಅನ್ನೋವಾಗ ಅಮೆರಿಕ ಆಗಿದ್ದವನು ಪ್ಲಕಾರ್ಡ್ ಎತ್ತಿ 'ವೀಟೋ' ಅಂದ. ಸಭೆ ನಡ್ಸೋಕೆ ಚೇರಲ್ಲಿ ಕೂತೋರು ನಿರ್ಣಯ ಬಿದ್ದೋಯ್ತು ಅಂದ್ಬಿಟ್ರು!

ವೀಟೋ ಇರೋದು ವಿಶ್ವಸಂಸ್ಥೆಯ ಭದ್ರತಾ ಮಂಡಳೀಲಿ, ಐದು ದೇಶಕ್ಕೆ. ಆರೋಗ್ಯ ಸಭೇಲಿ ಚೀನಾಗೂ ಒಂದೇ ವೋಟು, ಪುಟ್ಟ ದ್ವೀಪದೇಶ ಟುವಾಲುಗೂ ಒಂದೇ ವೋಟು. ಡಬ್ಲ್ಯೂಎಚ್‌ಓ ಸಂವಿಧಾನದ 60ನೇ ವಿಧಿ ಪ್ರಕಾರ ಮುಖ್ಯ ವಿಷ್ಯಕ್ಕೆ ಮೂರರಲ್ಲಿ ಎರಡು ಭಾಗ ವೋಟು ಬೇಕು, ಅಷ್ಟೇ, ಅದೂ ಬಹಳಷ್ಟು ಸಲ ವೋಟಿಗೇ ಹೋಗಲ್ಲ, ಒಮ್ಮತದಲ್ಲೇ ಮುಗಿಯತ್ತೆ. ಇದನ್ನ ಚೀಟೀಲಿ ಬರ್ದು ಕಳ್ಸಿದ್ರೆ 'ಚೇರ್ ಹೇಳಿದ್ದೇ ಫೈನಲ್' ಅಂತ ವಾಪಸ್ ಬಂತು, ಸಂಜೆ ಬೆಸ್ಟ್ ಡೆಲಿಗೇಟ್ ಪ್ರೈಜು ಯಾರಿಗೆ ಅಂದ್ಕೊಂಡ್ರಿ, ಆ ವೀಟೋ ಪುಣ್ಯಾತ್ಮಂಗೆ. ನಾನೇನು ಪ್ರೈಜಿಗೆ ಅತ್ತಿದ್ದಲ್ಲ, ಅಲ್ಲಿಂದ ತಪ್ಪು ಕಲ್ತು ಹೋದೋರು ಎಷ್ಟು ಜನ ಅಂತ ಹೊಟ್ಟೆ ಉರೀತು.

ಇನ್ನು ಆ ಕ್ಲಬ್ಬು. ಭಾನುವಾರ ಖಾಲಿ ಕ್ಲಾಸ್‌ರೂಮು, ಮೈಕಿಲ್ಲ, ಪ್ರೈಜಿಲ್ಲ, ಚಪ್ಪಲೀಲಿ ಹೋದ್ರೂ ನಡಿಯತ್ತೆ. ಇಂಗ್ಲಿಷ್ ತಡವರಿಸಿದ್ರೆ ಕನ್ನಡದಲ್ಲಿ ಮಾತಾಡ್ಬೋದು. ನಂಗೆ ಕೊಟ್ಟಿದ್ದು ಇಂಡೋನೇಷ್ಯಾ, ವಿಷ್ಯ ವೈರಸ್ ಸ್ಯಾಂಪಲ್ ಹಂಚ್ಕೊಳೋದು. 2007ರ ಹೊತ್ತಿಗೆ ಇಂಡೋನೇಷ್ಯಾ ಹಕ್ಕಿಜ್ವರದ ಸ್ಯಾಂಪಲ್ ಹೊರಗೆ ಕಳ್ಸೋದನ್ನ ನಿಲ್ಸಿತ್ತು: ನಾವು ಪುಕ್ಕಟೆ ಕೊಡ್ತೀವಿ, ಕಂಪನಿಗಳು ಅದ್ರಿಂದ ಮಾಡೋ ಲಸಿಕೆ ನಮ್ ಕೈಗೆ ಎಟುಕಲ್ಲ ಅಂತ. ಆ ಜಗಳದಿಂದಾನೇ 2011ರಲ್ಲಿ ಫ್ಲೂ ಸ್ಯಾಂಪಲ್ಲಿಗೊಂದು ಒಪ್ಪಂದ ಬಂತು. ನಾನಿಷ್ಟು ಹೇಳೋ ಹೊತ್ತಿಗೆ ನಾರ್ವೆ ಆಗಿದ್ದ ಸೊರಬದ ಹುಡುಗ ದೇಶಾನೇ ಮರ್ತು, 'ಮಂಗನ ಕಾಯಿಲೆ ವೈರಸ್ ಸಿಕ್ಕಿದ್ದು 1957ರಲ್ಲಿ ನಮ್ ಕ್ಯಾಸನೂರು ಕಾಡಲ್ಲಿ, ನಮಗೇನ್ ಸಿಕ್ತು ಹೇಳಿ' ಅಂತ ಎದ್ದೇಬಿಟ್ಟ. ಆಮೇಲೆ ಸಭೆ ಹಿಡಿಯೋಕೇ ಆಗ್ಲಿಲ್ಲ. ನಿಜವಾದ ಆರೋಗ್ಯ ಸಭೇಲೂ 2025ರ ಮೇನಲ್ಲಿ ಸಾಂಕ್ರಾಮಿಕ ಒಪ್ಪಂದ ಪಾಸಾದಾಗ ಇದೇ ಸ್ಯಾಂಪಲ್-ಲಾಭ ಹಂಚಿಕೆ ಭಾಗಾನ ಮುಂದಕ್ಕೆ ಹಾಕಿದ್ರು, ಯಾಕೆ ಅಂತ ನಂಗೆ ಅವತ್ತು ಅರ್ಥ ಆಯ್ತು.

ಬೋರ್ ಹೊಡಿಯಲ್ವಾ ಅಂದ್ರೆ, ಹೊಡಿಯತ್ತೆ. ಒಪ್ಪಿಗೆ ಆಗದ ಸಾಲೆಲ್ಲ ಚೌಕ ಕಂಸದಲ್ಲಿ ಇಟ್ಕೊಂಡು ಒಂದು ಪ್ಯಾರಾಗೇ ಮಧ್ಯಾಹ್ನ ಕಳಿಯತ್ತೆ.

ವೇದಿಕೆ ಮೇಲೆ ಮಾತಾಡೋ ಭಯ ಹೋಗ್ಬೇಕು, ಸಿವಿಗೆ ಸರ್ಟಿಫಿಕೇಟ್ ಬೇಕು, ಮನೇಲಿ ದುಡ್ಡಿಗೆ ತೊಂದ್ರೆ ಇಲ್ಲ ಅನ್ನೋರು ಎಂಯುಎನ್‌ಗೇ ಹೋಗಿ. ನಾನು ಪಾಕೆಟ್ ಮನೀಲಿ ಬದುಕೋನು, ಓದ್ಕೊಂಡು ವಾದ ಮಾಡೋ ಚಟದೋನು, ನಂಗೆ ಕ್ಲಬ್ಬೇ ಸರಿ. ಮುಂದಿನ ಸೆಷನ್ ಅಡಿಕೆ ಮೇಲೆ. 2004ರಲ್ಲೇ ಡಬ್ಲ್ಯೂಎಚ್‌ಓದ ಕ್ಯಾನ್ಸರ್ ಸಂಸ್ಥೆ ಅಡಿಕೇನ ಕ್ಯಾನ್ಸರ್‌ಕಾರಕ ಅಂತ ಪಟ್ಟಿಗೆ ಸೇರ್ಸಿದೆ, ನಂಗೆ ಬಂದಿರೋದು ನಿರ್ಬಂಧ ಬೇಕು ಅನ್ನೋ ದೇಶ, ಮನೇಲಿರೋದು ಎರಡೆಕ್ರೆ ಅಡಿಕೆ ತೋಟ. ಅಪ್ಪಂಗೆ ಇನ್ನೂ ಹೇಳಿಲ್ಲ.