ಬೆಪ್ಪು, ಬೇಟೋ, ವಶಿಷ್ಠ: ಮೂರು ಕಡೆ ಮುಳುಗಿ ಎದ್ದವನ ಹೋಲಿಕೆ

ಪುತ್ತೂರು ಕಡೆಯವ್ರಿಗೆ ಬಿಸಿನೀರಿನ ಬುಗ್ಗೆ ಅಂದ್ರೆ ಇರ್ದೆಯ ಬೆಂದ್ರ್ ತೀರ್ಥ, ಬೇರೆ ಗೊತ್ತಿಲ್ಲ. ತುಳುವಲ್ಲಿ ಬೆಂದ್ರ್ ಅಂದ್ರೆನೇ ಬಿಸಿನೀರು. ಸಣ್ಣವನಿದ್ದಾಗ ಅಜ್ಜನ ಮನೆಗೆ ಹೋದಾಗ ಒಂದ್ಸಲ ಕರ್ಕೊಂಡು ಹೋಗಿದ್ರು, ನಾನು ಕಾಲು ಅದ್ದಿ ನೋಡಿ "ಇದಕ್ಕಿಂತ ನಮ್ಮ ಬಚ್ಚಲ ಹಂಡೆ ನೀರೇ ಬಿಸಿ ಇರ್ತದಲ್ಲ" ಅಂದು ಅಜ್ಜಿ ಹತ್ರ ಸರಿಯಾಗಿ ಬೈಸ್ಕೊಂಡೆ. ತೀರ್ಥದ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದಂತೆ.

ಆ ಪಾಪಕ್ಕೋ ಏನೋ, ಮದುವೆಯಾದ್ಮೇಲೆ ಸಿಕ್ಕಿದ ರಜೆಯೆಲ್ಲ ಬಿಸಿನೀರಿಗೇ ಹೋಯ್ತು. ಹೆಂಡತಿಗೆ ಬೆನ್ನುನೋವು, ನಂಗೆ ಸೋಮಾರಿತನ, ಇಬ್ರಿಗೂ ಇದೇ ಸೂಟ್ ಆಗೋದು. ಜಪಾನಿನ ಬೆಪ್ಪು, ತೈವಾನಿನ ಬೇಟೋ, ಹಿಮಾಚಲದ ವಶಿಷ್ಠ ಮತ್ತೆ ಮಣಿಕರಣ್, ಇಷ್ಟು ಆಗಿದೆ. ಆಫೀಸಲ್ಲಿ ಯಾರಾದ್ರೂ "ಯಾವ್ದು ಬೆಸ್ಟ್" ಅಂತ ಕೇಳ್ತಾನೇ ಇರ್ತಾರೆ, ಹಾಗಾಗಿ ಒಂದ್ಸಲ ಪೂರ್ತಿ ಬರ್ದು ಹಾಕ್ತಿದ್ದೇನೆ. ವ್ಯೂ, ಟೆಂಪರೇಚರ್, ರೇಟು ಎಲ್ಲ ಆಮೇಲೆ ಮಾರಾಯ್ರೆ, ನಾನೀಗ ಮೊದ್ಲು ನೋಡೋದು ಒಂದೇ: ಜನ ಮೈ ತೊಳ್ಕೊಂಡು ನೀರಿಗೆ ಇಳೀತಾರಾ, ಇಲ್ಲಾ ಮೈ ತೊಳ್ಕೊಳ್ಳೋಕೇ ನೀರಿಗೆ ಇಳೀತಾರಾ.

ಬೆಪ್ಪು ಹೆಸರು ಕೇಳಿ ನಗ್ಬೇಡಿ, ಅಲ್ಲಿ ಬೆಪ್ಪಾಗಿದ್ದು ನಾನೇ. ಕ್ಯೂಶೂ ದ್ವೀಪದ ಓಯಿತಾ ಪ್ರಾಂತ್ಯದ ಊರು, ಫುಕುವೋಕಾದ ಹಕಾತಾ ಸ್ಟೇಷನ್ನಿಂದ ಸೋನಿಕ್ ಟ್ರೈನಲ್ಲಿ ಸುಮಾರು 2 ಗಂಟೆ. ಊರಿಗೆ ಊರೇ ಹೊಗೆಯಾಡ್ತಾ ಇರ್ತದೆ, ಚರಂಡಿ ಜಾಲರಿಯಿಂದ ಹಬೆ, ಮನೆ ಹಿತ್ತಿಲಿಂದ ಹಬೆ, ದೀಪಾವಳಿ ಬೆಳಿಗ್ಗೆ ಇಡೀ ಊರಿನ ಬಚ್ಚಲೊಲೆಗೆ ಒಟ್ಟಿಗೆ ಬೆಂಕಿ ಹಾಕಿದ ಹಾಗೆ. 2 ಸಾವಿರಕ್ಕೂ ಹೆಚ್ಚು ಬುಗ್ಗೆಗಳಿದಾವೆ ಅಲ್ಲಿ. ನಾವು ಮೊದ್ಲು ಹೋಗಿದ್ದು ತಾಕೆಗವಾರಾ ಅನ್ನೋ ಸಾರ್ವಜನಿಕ ಸ್ನಾನದ ಮನೆಗೆ, ಶುರುವಾಗಿದ್ದು 1879ರಲ್ಲಿ, ಈಗಿರೋ ಮರದ ಕಟ್ಟಡ 1938ರದ್ದು, ಹೊರಗಿಂದ ನೋಡಿದ್ರೆ ದೇವಸ್ಥಾನ ಅಂದ್ಕೊಂಡು ಚಪ್ಪಲಿ ಬಿಡ್ಬೇಕು, ಹಾಗಿದೆ. ನಾವು ಹೋದಾಗ ಟಿಕೆಟ್ 300 ಯೆನ್. ಗಂಡಸ್ರು ಹೆಂಗಸ್ರು ಬೇರೆ ಬೇರೆ, ಒಳಗೆ ಹೋದ್ರೆ ಬಟ್ಟೆ ಬಿಚ್ಚೋ ಜಾಗಕ್ಕೂ ತೊಟ್ಟಿಗೂ ಮಧ್ಯ ಗೋಡೆನೇ ಇಲ್ಲ, ನಾಲ್ಕು ಮೆಟ್ಲು ಇಳಿದ್ರೆ ನೀರು, ಶವರ್ ಇಲ್ಲ, ಮೈಮೇಲೆ ನೂಲೂ ಇಲ್ಲ.

ಹೌದು, ಪೂರ್ತಿ ಬೆತ್ತಲೆ. ನಮ್ಮಲ್ಲಿ ಕೆರೆಯಲ್ಲೂ ಟವೆಲ್ ಸುತ್ಕೊಂಡು ಮೀಯೋ ಜನ, ನಂಗೆ 5 ನಿಮಿಷ ಕೈ ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಆಮೇಲೆ ನೋಡಿದ್ರೆ ಯಾರೂ ಯಾರನ್ನೂ ನೋಡ್ತಿಲ್ಲ. ಒಬ್ರು ಅಜ್ಜ ತೊಟ್ಟಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಪುಟ್ಟ ಬಕೆಟಲ್ಲಿ ನೀರು ಮೊಗೆದು ಮೊದ್ಲು ಕಾಲಿಗೆ, ಆಮೇಲೆ ಹೆಗಲಿಗೆ ಹೊಯ್ಕೊಂಡು, ಸೋಪು ಹಚ್ಚಿ ತಿಕ್ಕಿ, ನೊರೆ ತೊಟ್ಟಿಗೆ ಹಾರದ ಹಾಗೆ ತೊಳ್ಕೊಂಡು, ಅದೆಲ್ಲ ಆದ್ಮೇಲೆ ನಿಧಾನಕ್ಕೆ ಇಳಿದ್ರು. ನಂಗೆ ಆಗ ಹೊಳೀತು, ಇದು ನಮ್ಮ ಚೊಂಬಿನ ಸ್ನಾನನೇ ಅಲ್ವಾ! ಬಕೆಟು ಚೊಂಬು ಬಿಟ್ಟು ಶವರಿಗೆ ಹೋದ ಬೆಂಗಳೂರಿನವ್ರಿಗಿಂತ ನಮ್ಮ ಅಜ್ಜಿ ಇಲ್ಲಿ ಬೇಗ ಹೊಂದ್ಕೊಳ್ತಿದ್ರು. ಒಂದೇ ವ್ಯತ್ಯಾಸ, ನಮ್ಮಲ್ಲಿ ಹೊಯ್ಕೊಂಡ್ರೆ ಸ್ನಾನ ಮುಗೀತು, ಅವ್ರಿಗೆ ಅಲ್ಲಿಂದ ಶುರು. ನೀರು ಮಾತ್ರ ಸಿಕ್ಕಾಪಟ್ಟೆ ಬಿಸಿ, ನಾನು 3 ನಿಮಿಷಕ್ಕೆ ಎದ್ದೆ, ಅಜ್ಜ ಅಲ್ಲೇ ಕಣ್ಣು ಮುಚ್ಕೊಂಡು ಕೂತಿದ್ರು.

ಅಲ್ಲೇ ಮರಳು ಸ್ನಾನನೂ ಉಂಟು, ಯುಕಾತಾ ಅನ್ನೋ ತೆಳು ಹತ್ತಿ ನಿಲುವಂಗಿ ಹಾಕ್ಕೊಂಡು ಮಲಗಿದ್ರೆ ಹೆಂಗಸ್ರು ಸಲಿಕೆಯಲ್ಲಿ ಬಿಸಿ ಮರಳು ಎಳೆದು ಕುತ್ತಿಗೆವರೆಗೂ ಹೂಳ್ತಾರೆ. ಭಾರ ಹೇಗಿರ್ತದೆ ಅಂದ್ರೆ ನಿಮ್ಮ ನಾಡಿ ಬಡಿಯೋದು ಬೆರಳ ತುದಿಯಲ್ಲಿ ಕೇಳ್ತದೆ. ಹೆಂಡತಿ ಬೆನ್ನಿಗೆ ಆ ಟ್ರಿಪ್ಪಲ್ಲಿ ನಿಜವಾಗ್ಲೂ ಹಿತ ಆಗಿದ್ದು ಇದೊಂದೇ, ತೊಟ್ಟಿ ಅಲ್ಲ. ಒಂದು ಎಚ್ಚರಿಕೆ, ಜಪಾನಲ್ಲಿ ಸುಮಾರು ಸ್ನಾನದ ಮನೆಗಳಲ್ಲಿ ಟ್ಯಾಟೂ ಇದ್ದವ್ರನ್ನ ಬಿಡಲ್ಲ, ಯಾಕೂಜಾ ಗ್ಯಾಂಗಿನವ್ರ ಗುರುತು ಅಂತ ಹಳೇ ಭಯ, ಮೊದ್ಲೇ ವಿಚಾರಿಸ್ಕೊಂಡು ಹೋಗಿ. ಕೈಮೇಲೆ ಹಚ್ಚೆ ಇರೋ ನಮ್ಮ ಅಜ್ಜಿಯನ್ನ ಅಲ್ಲಿ ಗ್ಯಾಂಗ್‌ಸ್ಟರ್ ಅಂದ್ಕೊಂಡಿದ್ರೋ ಏನೋ.

ಬೇಟೋ ಇದಕ್ಕೆ ಪೂರ್ತಿ ಉಲ್ಟಾ. ತೈಪೆ ಮೆಟ್ರೋದಲ್ಲಿ ಬೇಟೋ ಸ್ಟೇಷನ್ನಲ್ಲಿ ಇಳಿದು, ಶಿನ್‌ಬೇಟೋಗೆ ಹೋಗೋ ಒಂದೇ ಸ್ಟಾಪಿನ ಪುಟ್ಟ ಲೈನ್ ಹತ್ತಿದ್ರೆ ಆಯ್ತು, ಮೆಟ್ರೋ ಹತ್ತಿ ಬಿಸಿನೀರಿಗೆ ಹೋಗೋದು ಅಂದ್ರೆ ನಮ್ಮ ಲೆಕ್ಕದಲ್ಲಿ ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಹೋದ ಹಾಗೆ. ಆ ಕಡೆಯ ಮೂಲನಿವಾಸಿ ಕೆಟಗಾಲನ್ ಜನ ಈ ಹಬೆ ಏಳೋ ಜಾಗವನ್ನ ಮಾಟಗಾತಿಯರದ್ದು ಅಂತಿದ್ರು, ಊರಿನ ಹೆಸರು ಬಂದಿದ್ದೂ ಅದ್ರಿಂದ. ಜಪಾನಿನವ್ರು ತೈವಾನ್ ಆಳೋಕೆ ಶುರು ಮಾಡಿದ ಮರುವರ್ಷನೇ, 1896ರಲ್ಲಿ, ಒಸಾಕಾದ ಒಬ್ಬ ವ್ಯಾಪಾರಿ ಇಲ್ಲಿ ಮೊದಲ ಬಿಸಿನೀರಿನ ವಸತಿಗೃಹ ತೆಗೆದ. 1913ರಲ್ಲಿ ಕಟ್ಟಿದ ದೊಡ್ಡ ಸಾರ್ವಜನಿಕ ಸ್ನಾನದ ಮನೆ ಈಗ ಮ್ಯೂಸಿಯಂ, ಫ್ರೀ. ಅಲ್ಲಿ ಹೊಕುಟೋಲೈಟ್ ಅಂತ ಒಂದು ಕಲ್ಲು ಇಟ್ಟಿದಾರೆ, ಈ ಊರ ಹೆಸರೇ ಇಟ್ಟಿರೋ ಖನಿಜ (ಬೇಟೋವನ್ನ ಜಪಾನಿನವ್ರು ಹೊಕುಟೋ ಅಂತಿದ್ರು), ರೇಡಿಯಂ ಇರೋದ್ರಿಂದ ಸ್ವಲ್ಪ ವಿಕಿರಣನೂ ಸೂಸ್ತದೆ. ಹೆಂಡತಿ ಅದನ್ನ ಓದಿ "ಈ ನೀರಲ್ಲಾ ನಾವು ಕೂರೋದು" ಅಂದ್ಲು.

ಪಾರ್ಕ್ ಪಕ್ಕದ ಸಾರ್ವಜನಿಕ ತೊಟ್ಟಿಗೆ ನಾವು ಹೋದಾಗ 60 ತೈವಾನ್ ಡಾಲರ್, ನಮ್ಮ ದುಡ್ಡಲ್ಲಿ ಬೆಪ್ಪುವಿನಷ್ಟೇ ಹೆಚ್ಚುಕಮ್ಮಿ. ಗಂಡ ಹೆಂಡತಿ ಮಕ್ಳು ಎಲ್ಲ ಒಟ್ಟಿಗೆ ಕೂರ್ಬಹುದು, ಸ್ವಿಮ್‌ಸೂಟ್ ಕಡ್ಡಾಯ. ನಾನು ಗೋವಾದಲ್ಲಿ ತಗೊಂಡ ದೊಗಳೆ ಚಡ್ಡಿ ಹಾಕ್ಕೊಂಡು ಜಂಬದಿಂದ ಹೋದ್ರೆ ಬಾಗಿಲಲ್ಲೇ ನಿಲ್ಸಿದ್ರು, ಮೈಗಂಟಿದ್ದೇ ಆಗ್ಬೇಕಂತೆ, ಬೋರ್ಡಲ್ಲಿ ಚಿತ್ರ ಸಮೇತ ಇತ್ತು, ಓದದೆ ಬಂದಿದ್ದು ನನ್ನ ತಪ್ಪು. ಅಲ್ಲೇ ಹೊಸದು ತಗೊಂಡೆ. ತೊಟ್ಟಿಗಳು ಮೆಟ್ಲು ಮೆಟ್ಲಾಗಿ ಇದಾವೆ, ಮೇಲಿಂದು ಜಾಸ್ತಿ ಬಿಸಿ, ಕೆಳಗೆ ಬಂದ ಹಾಗೆ ಹದ. ಕೆಳಗಿನದ್ದರಲ್ಲಿ ಟೂರಿಸ್ಟ್‌ಗಳು, ಮೇಲಿಂದರಲ್ಲಿ ಊರಿನ ಅಜ್ಜ ಅಜ್ಜಿಯಂದ್ರು ಊರ ಪಂಚಾಯ್ತಿ ಮಾಡ್ತಾ ಕೂತಿರ್ತಾರೆ, ನೀವು ಮೈ ತೊಳೀದೆ ಇಳಿದ್ರೆ ಭಾಷೆ ಬರ್ದಿದ್ರೂ ಬೈದದ್ದು ಅರ್ಥ ಆಗ್ತದೆ.

ಗಂಧಕದ ನೀರು ಅಂತ ನಮ್ಗೆ ಗೊತ್ತಿತ್ತು, ಆದ್ರೆ ತಲೆ ಓಡ್ಲಿಲ್ಲ. ಹೊರಗೆ ಬಂದು ನೋಡಿದ್ರೆ ಹೆಂಡತಿಯ ಬೆಳ್ಳಿ ಕಾಲುಂಗುರ ಕಾಡಿಗೆ ಥರ ಕಪ್ಪು. ಅಪ್ಪಟ ಚಿನ್ನಕ್ಕೆ ಏನೂ ಆಗಲ್ಲ, ಬೆಳ್ಳಿಯನ್ನಂತೂ ಬಿಚ್ಚಿಟ್ಟು ಹೋಗಿ.

ಇನ್ನು ನಮ್ಮ ದೇಶ. ಮನಾಲಿಯಿಂದ ಬಿಯಾಸ್ ನದಿ ದಾಟಿ 3 ಕಿಲೋಮೀಟರ್ ಹೋದ್ರೆ ವಶಿಷ್ಠ ಗ್ರಾಮ, ವಸಿಷ್ಠ ಋಷಿಗೋಸ್ಕರ ಲಕ್ಷ್ಮಣ ಬಾಣ ಬಿಟ್ಟು ಬಿಸಿನೀರು ತಂದ ಅಂತ ಕತೆ. ಬೆಪ್ಪು, ಬೇಟೋ ಎರಡರ ಕೆಳಗೂ ಜ್ವಾಲಾಮುಖಿಯ ಕಾವಿದೆ, ಹಿಮಾಚಲದಲ್ಲಿ ಅಂಥದ್ದೇನೂ ಇಲ್ಲ, ಮಳೆ ಹಿಮದ ನೀರು ಬಂಡೆ ಬಿರುಕಲ್ಲಿ ಆಳಕ್ಕಿಳಿದು ಅಲ್ಲಿನ ಶಾಖಕ್ಕೆ ಕಾದು ಮೇಲೆ ಬರೋದು. ದೇವಸ್ಥಾನದ ಪಕ್ಕ ಗಂಡಸ್ರಿಗೆ ಹೆಂಗಸ್ರಿಗೆ ಬೇರೆ ಬೇರೆ ಕುಂಡ, ದುಡ್ಡಿಲ್ಲ, ಚಡ್ಡಿ ಹಾಕ್ಕೊಂಡೇ ಇಳೀಬಹುದು. ಬೆಳಿಗ್ಗೆ 6 ಗಂಟೆ ಮುಂಚೆ, ಹೊರಗೆ ಹಲ್ಲು ಕಡಿಯೋ ಚಳಿ, ಮೇಲೆ ಆಕಾಶ, ಸುತ್ತ ಹಿಮದ ಬೆಟ್ಟ, ಕುತ್ತಿಗೆವರೆಗೂ ಬಿಸಿನೀರು. ಆ ಒಂದು ಗಂಟೆಯ ಸುಖದ ಮುಂದೆ ಜಪಾನೂ ಇಲ್ಲ ತೈವಾನೂ ಇಲ್ಲ, ಸುಳ್ಳು ಹೇಳಲ್ಲ.

ಆದ್ರೆ ಹೊತ್ತೇರಿದ್ಮೇಲೆ ನಮ್ಮ ಕಡೆ ಕುಂಡಗಳ ಕತೆ ಬೇರೆ. ಎಲ್ಲಿ ಅಂತ ಹೇಳಲ್ಲ, ಉತ್ತರದ ಒಂದು ಕುಂಡದಲ್ಲಿ ನನ್ನ ಪಕ್ಕ ಶಾಂಪೂ ಸ್ಯಾಶೆ ತೇಲ್ತಾ ಬಂತು, ಹಿಂದೆನೇ ಅದರ ಯಜಮಾನ್ರು ತಲೆ ತುಂಬ ನೊರೆ ಇಟ್ಕೊಂಡು ಮುಳುಗಿದ್ರು. ಅವ್ರನ್ನ ಬೈಯೋಕೂ ಆಗಲ್ಲ, ನಮ್ಗೆ ತೀರ್ಥ ಅಂದ್ರೆ ಕೊಳೆ ತೆಗೆಯೋದು, ಪಾಪದ್ದಾಗ್ಲಿ ಮೈದಾಗ್ಲಿ, ನೀರೊಳಗೇ ಬಿಡ್ಬೇಕು. ಜಪಾನಲ್ಲಿ ಅದನ್ನ ಹೊರಗೆ ಬಿಟ್ಟು ಬರ್ಬೇಕು. ನಂಗೆ ಎರಡನೇದು ಇಷ್ಟ ಆಗಿಹೋಯ್ತು, ಈಗ ಯಾವ ಕುಂಡಕ್ಕೆ ಹೋದ್ರೂ ಹೊರಗೆ ಒಂದು ಮಗ್ ಹಿಡ್ಕೊಂಡು ಮೊದ್ಲು ಮೈಗೆ ಹೊಯ್ಕೊಳ್ತೇನೆ, ಜನ ಹುಚ್ಚ ಅಂತ ನೋಡ್ತಾರೆ.

ಊಟದ ವಿಷಯದಲ್ಲಿ ಮಾತ್ರ ಮಣಿಕರಣ್ ಗೆಲ್ತದೆ. ಗುರುದ್ವಾರದ ಹತ್ರ ಕುದಿಯೋ ಬುಗ್ಗೆಗೆ ಅಕ್ಕಿ ಬಟ್ಟೆಯಲ್ಲಿ ಕಟ್ಟಿ ಇಳಿಬಿಡ್ತಾರೆ, ಅನ್ನ ಆಗಿ ಬರ್ತದೆ, ಲಂಗರಲ್ಲಿ, ಅಂದ್ರೆ ಗುರುದ್ವಾರದ ಉಚಿತ ಊಟದ ಪಂಕ್ತಿಯಲ್ಲಿ, ಕೂತು ಬಿಸಿ ಬಿಸಿ ಉಂಡ್ವಿ. ಬೆಪ್ಪುವಿನ ಕನ್ನಾವಾದಲ್ಲಿ ಜಿಗೊಕುಮುಶಿ ಅಂತ, ಅಂದ್ರೆ ನರಕದ ಹಬೆ, ಹಬೆ ಒಲೆ ಬಾಡಿಗೆಗೆ ತಗೊಂಡು ನಾವೇ ಬೇಯಿಸ್ಬೇಕು, ಗೆಣಸು, ಜೋಳ, ಕುಂಬಳಕಾಯಿ ಎಲ್ಲ ಸಿಕ್ತು, ಬ್ಯಾಗಲ್ಲಿದ್ದ ಚಟ್ನಿಪುಡಿ ಹಾಕ್ಕೊಂಡು ತಿಂದ್ವಿ. ಕೆಸುವಿನ ಎಲೆ ಸಿಕ್ಕಿದ್ರೆ ಪತ್ರೊಡೆನೇ ಇಡ್ಬಹುದಿತ್ತು. ಬೇಟೋದಲ್ಲಿ ನರಕ ಕಣಿವೆ ಅಂತ ಹಸಿರು ನೀರಿನ ಕೊಳ ಉಂಟು, ಅದರಲ್ಲಿ ಮುಂಚೆ ಮೊಟ್ಟೆ ಬೇಯಿಸ್ತಿದ್ರಂತೆ, ಈಗ ಬೇಲಿ ಹಾಕಿದಾರೆ, ನೋಡಿ ಬರೋದಷ್ಟೇ.

ಹಾಗಾಗಿ ಕೇಳಿದವ್ರಿಗೆ ನನ್ನ ಉತ್ತರ: ನಾಚಿಕೆ ಬಿಡೋಕೆ ರೆಡಿ ಇದ್ರೆ ಬೆಪ್ಪು, ಕಣ್ಣು ಮುಚ್ಚಿ ಹೋಗಿ, ನನ್ನ ನಂಬರ್ ಒನ್ ಅದೇ. ಹೆಂಡತಿ ಮಕ್ಳು ಒಟ್ಟಿಗೇ ಇರ್ಬೇಕು, ಮೊದಲ ಸಲ, ಬೆತ್ತಲೆ ಬೇಡ ಅಂದ್ರೆ ಬೇಟೋ. ವೀಸಾ ಗೀಸಾ ತಲೆನೋವು ಬೇಡ ಅಂದ್ರೆ ವಶಿಷ್ಠ, ಆದ್ರೆ ಅಲಾರಾಂ ಇಡಿ, 8 ಗಂಟೆಗೆ ಹೋಗಿ ನನ್ನ ಬೈಬೇಡಿ.

ಬೆಂದ್ರ್ ತೀರ್ಥಕ್ಕೆ ಹೋದ ವರ್ಷ ಮತ್ತೆ ಹೋಗಿದ್ವಿ. ದಕ್ಷಿಣ ಭಾರತಕ್ಕೇ ಇದೊಂದೇ ಅಂತ ನಮ್ಮೂರವ್ರು ಹೇಳೋದುಂಟು, ತೆಲಂಗಾಣದ ಮಣುಗೂರು ಕಡೆಯೂ ಬಿಸಿನೀರು ಇದೆ, ಅದನ್ನ ಮನೆಯಲ್ಲಿ ಹೇಳೋ ಧೈರ್ಯ ನಂಗಿಲ್ಲ. ನೀರು ಅದೇ ಉಗುರುಬೆಚ್ಚಗೆ. ಅಮ್ಮನೂ ಬಂದಿದ್ರು, ನಾನು ದಡದಲ್ಲಿ ಕೂತು ಮಗ್ಗಲ್ಲಿ ಹೊಯ್ಕೊಳ್ಳೋದು ನೋಡಿ "ಅಷ್ಟು ದೂರ ದುಡ್ಡು ಸುರಿದು ಹೋಗಿ ಚೊಂಬು ಹಿಡಿಯೋದು ಕಲ್ತು ಬಂದ್ಯಾ" ಅಂದ್ರು. ಹೆಂಡತಿ ಏನೂ ಹೇಳ್ಲಿಲ್ಲ, ಕಾಲುಂಗುರ ಬಿಚ್ಚಿ ಪರ್ಸಿಗೆ ಹಾಕ್ತಾ ಇದ್ಲು.